ಹೊಕ್ಕಿತು, ಒಗ್ಗಲಿಲ್ಲ

ಮೆಮೊರಿ ಕಾರ್ಡ್ ಒಳಗೆ ಹೋಗುವಾಗ ‘ಟಿಕ್’ ಎಂದು ಒಂದು ಸಣ್ಣ ಸದ್ದಾಗುತ್ತದಲ್ಲ, ನನಗೆ ಸಿಟ್ಟು ಬರುವುದು ಆ ಸದ್ದಿನ ಮೇಲೆ. ಒಪ್ಪವಾಗಿ ಒಳಗೆ ಜಾರಿ, ಅಲುಗಾಡದೆ ಕೂತು, ‘ಟಿಕ್’ ಎಂದು ಒಪ್ಪಿಗೆಯನ್ನೂ ಕೊಟ್ಟು, ಆಮೇಲೆ ಪರದೆಯ ಮೇಲೆ ‘ಕಾರ್ಡ್ ಗುರುತಾಗುತ್ತಿಲ್ಲ’ ಎಂದರೆ ಏನರ್ಥ? ಆಗುವುದಿಲ್ಲ ಎನ್ನುವುದಿದ್ದರೆ ಬಾಗಿಲಲ್ಲೇ ಹೇಳಿಬಿಡಬಹುದಿತ್ತು.

ಈ ಸಿಟ್ಟಿಗೆ ಮೂಲ ನಮ್ಮ ದೊಡ್ಡಪ್ಪನ ಕೀಪ್ಯಾಡ್ ಫೋನು. ಸಾಗರದಿಂದ ಒಳಕ್ಕೆ, ತೋಟ ಮುಗಿದಲ್ಲಿ ಕಾಡು ಶುರುವಾಗುವ ಊರು ನಮ್ಮದು. ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ತಾಳಮದ್ದಲೆ ಎಂದರೆ ಪ್ರಾಣ. ಮೊದಲೆಲ್ಲ ರಾತ್ರಿಯಿಡೀ ಕೂತು ಕೇಳುತ್ತಿದ್ದರು. ಈಗ ಕೂರುವ ಶಕ್ತಿಯಿಲ್ಲ, ಆದ್ದರಿಂದ ರಾತ್ರಿಯಿಡೀ ಮಲಗಿ ಕೇಳುತ್ತಾರೆ. ದಿಂಬಿನ ಪಕ್ಕ ಫೋನು, ಫೋನಿನೊಳಗೆ ಚಿಪ್ಪು, ಚಿಪ್ಪಿನೊಳಗೆ ಶೇಣಿ ಗೋಪಾಲಕೃಷ್ಣ ಭಟ್ಟರು. ಅವರ ಮಗ ಈ ಸಲ ಬೆಂಗಳೂರಿನಿಂದ ಬರುವಾಗ 128 ಜಿಬಿಯ ಹೊಸ ಕಾರ್ಡ್ ತಂದ. ಅಪ್ಪನಿಗೆ ಇನ್ನು ಜಾಗದ ತಾಪತ್ರಯವೇ ಬೇಡ ಎಂದು, ಸಿಕ್ಕ ಪ್ರಸಂಗವನ್ನೆಲ್ಲ ಅಲ್ಲಿಂದಲೇ ತುಂಬಿಸಿ ತಂದಿದ್ದ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದ್ದಾಯಿತು. ‘ಟಿಕ್’ ಎಂದಿತು. ಫೋನು ಸ್ವಲ್ಪ ಹೊತ್ತು ಯೋಚನೆ ಮಾಡಿ, ಒಂದು ಪ್ರಶ್ನೆ ಕೇಳಿತು.

“ಎಂತದೋ ಕೇಳ್ತಾ ಇದೆ ನೋಡು ಮಾರಾಯ. ಹೌದು ಅನ್ನಲಾ, ಬೇಡ ಅನ್ನಲಾ?” ಎಂದು ದೊಡ್ಡಪ್ಪ ಅದನ್ನು ನನ್ನ ಕೈಗೆ ದಾಟಿಸಿದರು.

ನನ್ನ ಕೈಗೇ ಯಾಕೆಂದರೆ, ನಮ್ಮ ಮನೆತನದಲ್ಲಿ ಕಂಪ್ಯೂಟರ್ ಬಲ್ಲವನೆಂಬ ಖ್ಯಾತಿ ನನಗಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನನ್ನ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇತ್ತು. ಅದು ನನ್ನ ಮಾತು ಕೇಳುತ್ತಿತ್ತೇ ಎಂದು ಇದುವರೆಗೆ ಯಾರೂ ವಿಚಾರಿಸಿಲ್ಲ. ಟೀವಿಯ ರಿಮೋಟು, ಗ್ಯಾಸ್ ಬುಕಿಂಗು, ಪಹಣಿಯ ಪ್ರಿಂಟು ಎಲ್ಲವೂ ನನ್ನ ಖಾತೆಗೇ ಬರುತ್ತವೆ. ಕನ್ನಡಕ ಏರಿಸಿ ಓದಿದೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತಿತ್ತು.

ಇಂಥ ಧೈರ್ಯದ ಪ್ರಶ್ನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತನಗೆ ಓದಲು ಬಾರದ ಬರಹವೊಂದು ಸಿಕ್ಕಿದೆ. ‘ನನಗೆ ಓದಲು ಬರುತ್ತಿಲ್ಲ’ ಎನ್ನುವ ಬದಲು ‘ಇದನ್ನೆಲ್ಲ ಅಳಿಸಿಬಿಡಲೇ?’ ಎನ್ನುತ್ತದೆ. ನಮ್ಮ ಬ್ರಾಂಚಿಗೆ ಬರುತ್ತಿದ್ದ ಆಡಿಟರುಗಳಿಗೂ ಇಷ್ಟು ಆತ್ಮವಿಶ್ವಾಸ ಇರಲಿಲ್ಲ. ಎಷ್ಟು ಮನೆಗಳ ಮದುವೆ, ನಾಮಕರಣ, ತೀರಿಹೋದವರ ದನಿ ಈ ಪ್ರಶ್ನೆಗೆ ಅಡ್ಡಾದಿಡ್ಡಿ ಒತ್ತಿದ ಒಂದು ಹೆಬ್ಬೆರಳಿಗೆ ಬಲಿಯಾಗಿವೆಯೋ. ನಾನು ‘ಬೇಡ’ ಒತ್ತಿದೆ. ಫೋನು ಸುಮ್ಮನಾಯಿತು. ಶೇಣಿಯವರೂ ಸುಮ್ಮನಾದರು.

ಇದರಲ್ಲಿ ಫೋನಿನ ತಪ್ಪಿಲ್ಲ, ಕಾರ್ಡಿನದ್ದೂ ಇಲ್ಲ. ಇಬ್ಬರೂ ತಂತಮ್ಮ ಕಾಲದ ಲೆಕ್ಕಕ್ಕೆ ನಿಯತ್ತಾಗಿದ್ದಾರೆ. 1999ರಲ್ಲಿ ಪ್ಯಾನಸಾನಿಕ್, ಸ್ಯಾನ್‌ಡಿಸ್ಕ್, ತೋಶಿಬಾ ಮೂವರೂ ಕೂಡಿ ಎಸ್‌ಡಿ ಕಾರ್ಡ್ ಎಂಬುದನ್ನು ಪ್ರಕಟಿಸಿದರು. ಮೊದಮೊದಲು ಅದರಲ್ಲಿ ಹಿಡಿಯುತ್ತಿದ್ದದ್ದು 32 ಎಂಬಿ, 64 ಎಂಬಿ. ಆಗಿನ ಕ್ರಮದಲ್ಲಿ ಕಾರ್ಡಿನೊಳಗಿನ ಒಂದೊಂದು ಬೈಟಿಗೂ ಒಂದೊಂದು ನಂಬರು. ‘ಇಷ್ಟನೇ ಬೈಟಿನಿಂದ ಕೊಡು’ ಎಂದು ಯಂತ್ರ ಕೇಳಬೇಕು, ಕಾರ್ಡು ಅಲ್ಲಿಂದ ಕೊಡಬೇಕು. ಆ ಕ್ರಮ 2 ಜಿಬಿಗೆ ಬಂದು ನಿಂತಿತು. 2006ರಲ್ಲಿ ಎಸ್‌ಡಿಎಚ್‌ಸಿ ಎಂಬ ಹೊಸ ಬಗೆ ಬಂದಾಗ ಅಳತೆಯನ್ನೇ ಬದಲಿಸಿದರು: 512 ಬೈಟಿನ ಒಂದು ಕಟ್ಟಿಗೆ ಒಂದು ನಂಬರು. ಸೇರಿನಲ್ಲಿ ಅಳೆದು ರೂಢಿಯಾದವನೂ ಖಂಡುಗದ ಲೆಕ್ಕದವನೂ ಒಂದೇ ಕಣದಲ್ಲಿ ಎದುರುಬದುರು ಕೂತಂತೆ. ‘ಹತ್ತು ಕೊಡು’ ಎಂದರೆ ಒಬ್ಬನ ಮನಸ್ಸಿನಲ್ಲಿರುವುದು ಹತ್ತು ಸೇರು, ಇನ್ನೊಬ್ಬ ಎತ್ತಿಕೊಡುವುದು ಹತ್ತು ಖಂಡುಗ. ಇಂಥ ಕಡೆ ವ್ಯಾಪಾರ ಕುದುರುವುದಿಲ್ಲ. ಹಳೆಯ ಫೋನು ಗಾಬರಿಯಾಗಿ ಕಣ ಗುಡಿಸಿಬಿಡಲೇ ಎಂದು ಕೇಳುವುದು ಸಹಜವೇ.

ಅಲ್ಲಿಂದ 32 ಜಿಬಿವರೆಗೆ ಒಂದು ಕಾಲ. 2009ರಲ್ಲಿ ಎಸ್‌ಡಿಎಕ್ಸ್‌ಸಿ ಬಂತು, 2 ಟಿಬಿವರೆಗೆ ಅದರ ಆಳ್ವಿಕೆ. 2018ರಲ್ಲಿ ಬಂದ ಇನ್ನೊಂದು ಬಗೆಗೆ 128 ಟಿಬಿಯ ಮಿತಿ ಹಾಕಿದ್ದಾರೆ. ಅದನ್ನು ತುಂಬಿಸುವಷ್ಟು ತಾಳಮದ್ದಲೆ ಘಟ್ಟದ ಮೇಲೂ ಕೆಳಗೂ ಸೇರಿ ನಡೆದಿರಲಾರದು. ಇದರಲ್ಲಿ ತಮಾಷೆಯೆಂದರೆ 32ರ ಗಡಿ. 2 ಜಿಬಿಯ ಗಡಿ ನಿಜವಾದ ಗಡಿ, ದಾಟುವುದು ಸಾಧ್ಯವಿಲ್ಲ. 32ರದ್ದು ಹಾಗಲ್ಲ. ಅದರಾಚೆ ಬದಲಾಗುವುದು ಮುಖ್ಯವಾಗಿ ಕಡತಗಳ ಪಟ್ಟಿ ಬರೆದಿಡುವ ಕ್ರಮ. ಫ್ಯಾಟ್32 ಹೋಗಿ ಎಕ್ಸ್‌ಫ್ಯಾಟ್ ಬರುತ್ತದೆ. ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟಿನ ಸ್ವತ್ತು. ಅದನ್ನು ಬಳಸಲು ಪರವಾನಗಿ ಪಡೆಯಬೇಕಿತ್ತು. 2019ರಲ್ಲಷ್ಟೇ ಕಂಪನಿ ಅದರ ವಿವರಗಳನ್ನು ಎಲ್ಲರಿಗೂ ಬಿಚ್ಚಿಟ್ಟಿತು. ಅಗ್ಗದ ಯಂತ್ರ ಮಾಡುವವರು ಆ ಉಸಾಬರಿಯೇ ಬೇಡವೆಂದು ಡಬ್ಬಿಯ ಮೇಲೆ ‘32 ಜಿಬಿವರೆಗೆ’ ಎಂದು ಅಚ್ಚು ಹಾಕಿಸಿ ಕೈತೊಳೆದುಕೊಂಡರು. 64ರ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಹಳೆಯ ಫ್ಯಾಟ್32 ಕ್ರಮಕ್ಕೆ ತಂದುಕೊಟ್ಟರೆ ಎಷ್ಟೋ ಯಂತ್ರಗಳು ಮಾತಿಲ್ಲದೆ ಹಾಡುತ್ತವೆ. ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಂಬಬಾರದು. ಕೆಲವೊಮ್ಮೆ ವಿನಯಕ್ಕೂ ಸುಳ್ಳು ಹೇಳಿರುತ್ತಾರೆ.

ಕ್ಯಾಸೆಟ್ಟಿನ ಕಾಲದಲ್ಲಿ ಈ ತರಲೆಯೆಲ್ಲ ಇರಲಿಲ್ಲ ಎಂದು ದೊಡ್ಡಪ್ಪನ ವಾದ. ಪೂರ್ತಿ ಒಪ್ಪಲಾರೆ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಆ ಕ್ಯಾಸೆಟ್ಟು ಯಾವ ಊರಿನ ಯಾವ ಟೇಪ್‌ರೆಕಾರ್ಡರಿಗಾದರೂ ಹೊಂದುತ್ತಿತ್ತು, ನಿಜ. ಆದರೆ 60 ನಿಮಿಷದ್ದು, 90 ನಿಮಿಷದ್ದು ಆದಮೇಲೆ 120 ನಿಮಿಷದ್ದೊಂದು ಬಂತಲ್ಲ? ಅದೇ ಡಬ್ಬಿಯೊಳಗೆ ಅಷ್ಟು ಉದ್ದದ ಟೇಪು ಹಿಡಿಸಬೇಕಾದರೆ ಟೇಪನ್ನು ತೆಳ್ಳಗೆ ಮಾಡಲೇಬೇಕು. ನಮ್ಮ ಜಗುಲಿಯ ಮುದಿ ಟೇಪ್‌ರೆಕಾರ್ಡರಿಗೆ ಆ ತೆಳು ಟೇಪು ಎಂದರೆ ಹಸಿವು. ವಾಲಿ ಬಿದ್ದಲ್ಲಿಂದ ರಾಮನನ್ನು ಪ್ರಶ್ನೆ ಕೇಳುವ ಹೊತ್ತಿಗೆ ಸರಿಯಾಗಿ ದನಿ ಎಳೆಯತೊಡಗುತ್ತಿತ್ತು. ಅಡಿಕೆ ಸುಲಿಯುತ್ತಿದ್ದವರೆಲ್ಲ ಮೆಟ್ಟುಗತ್ತಿಯ ಮೇಲೆ ಕೈ ನಿಲ್ಲಿಸಿ ಆ ಕಡೆ ತಿರುಗುವಷ್ಟರಲ್ಲಿ ವಾಲಿಯ ಅರ್ಧ ಅರ್ಥ ರೋಲರಿಗೆ ಸುತ್ತಿಕೊಂಡಿರುತ್ತಿತ್ತು. ರಾಮ ಏನು ಉತ್ತರ ಕೊಟ್ಟನೆಂದು ಆ ಕೊಯ್ಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೆಚ್ಚು ಹಿಡಿಸುವ ವಸ್ತುವನ್ನು ಹಳೆಯ ಯಂತ್ರ ನುಂಗಲಾರದು ಎಂಬುದು ನಮ್ಮ ಜಗುಲಿಗೆ ಆಗಲೇ ಗೊತ್ತಿದ್ದ ಸಂಗತಿ.

ಆಮೇಲೆ ಬಂದದ್ದು ಚಿಪ್ಪಿನ ಸುವರ್ಣಯುಗ. ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿ ನಿಮಗೂ ನೆನಪಿರಬೇಕು. ಅರ್ಧ ಗೋಡೆಗೆ ರೀಚಾರ್ಜ್ ಕೂಪನ್ನು, ಅರ್ಧ ಗೋಡೆಗೆ ಕವರು, ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರು, ಅದರ ಮುಂದೆ ಕೂದಲು ಮೇಲಕ್ಕೆ ನಿಲ್ಲಿಸಿಕೊಂಡ ಹುಡುಗ. “ಹಾಡು ಹಾಕ್ಬೇಕು” ಎಂದು ಚಿಪ್ಪು ಕೊಟ್ಟರೆ “ಯಾವ್ದು?” ಎಂದು ಒಂದೇ ಪ್ರಶ್ನೆ. ಹಳೇ ರಾಜ್‌ಕುಮಾರ್, ಭಕ್ತಿಗೀತೆ, ಜಾನಪದ, ಹೊಸ ಪಿಕ್ಚರ್ ಎಂದು ಅವನ ಹತ್ತಿರ ಫೋಲ್ಡರುಗಳು. ಆರಿಸಿ ಹಾಕುವ ತಾಳ್ಮೆ ಅವನಿಗಿರಲಿಲ್ಲ, ಇಡೀ ಫೋಲ್ಡರನ್ನೇ ಸುರಿಯುತ್ತಿದ್ದ. ಒಂದು ಹಾಡಿಗೆ 5 ಎಂಬಿ ಹಿಡಿದರೂ 2 ಜಿಬಿಯಲ್ಲಿ ಸುಮಾರು 400 ಹಾಡು. ದೊಡ್ಡಪ್ಪ ತಾಳಮದ್ದಲೆ ಹಾಕಿಸಿಕೊಂಡು ಬಂದ ಚಿಪ್ಪಿನಲ್ಲಿ ‘ಗದಾಪರ್ವ’ ಮುಗಿದ ಕೂಡಲೇ ಯಾವುದೋ ಪಿಕ್ಚರಿನ ಐಟಂ ಸಾಂಗು ಬರುತ್ತಿತ್ತು. ದುರ್ಯೋಧನ ಬಿದ್ದ ಸಂತೋಷಕ್ಕೆ ಇರಬೇಕು ಎಂದು ನಾವು ಅದನ್ನು ಅಳಿಸಲಿಲ್ಲ. ಕಾಪಿರೈಟಿನ ಮಾತು ಆ ಅಂಗಡಿಯ ಹತ್ತಿರ ಯಾರೂ ಎತ್ತುತ್ತಿರಲಿಲ್ಲ. ಎತ್ತಿದ್ದರೆ ಮಲೆನಾಡಿನ ಅರ್ಧ ಸಂಗೀತ ಜ್ಞಾನ ಅಲ್ಲಿಗೇ ನಿಲ್ಲುತ್ತಿತ್ತು.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಒಬ್ಬೊಬ್ಬರೂ ತಂತಮ್ಮ ಚಿಪ್ಪು ತರುತ್ತಿದ್ದರು. ಜಗುಲಿಯ ಮೇಲೆ ಇದ್ದದ್ದು ಒಂದೇ ಸ್ಪೀಕರ್ ಡಬ್ಬಿ. ಅದರ ಬೆನ್ನಿಗೆ ‘ಟಿಎಫ್’ ಎಂದು ಬರೆದ ಒಂದು ಸೀಳು. ಮೈಕ್ರೋಎಸ್‌ಡಿ ಕಾರ್ಡ್ 2004ರಲ್ಲಿ ಹುಟ್ಟಿದಾಗ ಅದರ ಹೆಸರು ಟ್ರಾನ್ಸ್‌ಫ್ಲ್ಯಾಶ್. ಮರುವರ್ಷವೇ ಹೆಸರು ಬದಲಾದರೂ ಅಗ್ಗದ ಡಬ್ಬಿಗಳ ಬೆನ್ನ ಮೇಲೆ ಹಳೆಯ ಹೆಸರೇ ಉಳಿದಿದೆ. ಒಬ್ಬರದ್ದು ಮುಗಿದ ಮೇಲೆ ಇನ್ನೊಬ್ಬರ ಚಿಪ್ಪು. ಯಂತ್ರ ಎಲ್ಲರದ್ದು, ಒಳಗಿನದ್ದು ಮಾತ್ರ ಅವರವರದ್ದು. ಇದೇ ಏರ್ಪಾಡನ್ನು ಬೆಂಗಳೂರಿನ ದೊಡ್ಡ ತಲೆಗಳೂ ಹಿಂದೊಮ್ಮೆ ಯೋಚಿಸಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಯುವ ಯಂತ್ರ. ಬಡವರು ಒಬ್ಬೊಬ್ಬರೂ ಕೊಳ್ಳಲಾರರು. ಊರಿಗೊಂದು ಯಂತ್ರ ಇರಲಿ, ಪ್ರತಿಯೊಬ್ಬನ ಹತ್ತಿರ ಅವನದೇ ಸ್ಮಾರ್ಟ್ ಕಾರ್ಡ್ ಇರಲಿ ಎಂಬುದು ಅದರ ಹಿಂದಿನ ಯೋಚನೆ. ಆ ಯಂತ್ರ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಯೋಚನೆ ಮಾತ್ರ ನಮ್ಮ ಜಗುಲಿಯಲ್ಲಿ ಯಾರ ಅನುದಾನವೂ ಇಲ್ಲದೆ ನಡೆದುಕೊಂಡು ಹೋಯಿತು.

ಹೀಗೆ ಕೈಯಿಂದ ಕೈಗೆ ಹೋಗುವ ವಸ್ತು ಇಷ್ಟು ಚಿಕ್ಕದಿರಬಾರದು. ಉದ್ದ 15 ಮಿಲಿಮೀಟರ್, ಅಗಲ 11, ದಪ್ಪ 1. ಅಡಿಕೆ ಸಿಪ್ಪೆಯ ರಾಶಿಯೊಳಗೆ ಬಿತ್ತೆಂದರೆ ಮುಗಿಯಿತು. ಒಮ್ಮೆ ಹಾಗೆ ಬಿದ್ದಾಗ ಇಡೀ ಜಗುಲಿಯೇ ಟಾರ್ಚ್ ಹಿಡಿದು ಹುಡುಕಿತು. ಅಂಥ ಹೊತ್ತಿನಲ್ಲಿ ದೊಡ್ಡಮ್ಮ ಒಳಗಿನಿಂದ ಬಂದು, “ಅದಾ? ಸಂಜೆ ಗುಡಿಸುವಾಗ ಸಿಕ್ಕಿತ್ತಪ್ಪ, ಕುಂಕುಮದ ಭರಣಿಯಲ್ಲಿ ಇಟ್ಟಿದ್ದೆ” ಎಂದರು. ಬೆಲೆಬಾಳುವ ಚಿಕ್ಕ ವಸ್ತುವೆಲ್ಲ ಅವರ ಪ್ರಕಾರ ಅಲ್ಲಿಗೇ ಸೇರಬೇಕು. ಅದರ ಬೆನ್ನಿನ ಎಂಟು ಚಿನ್ನದ ಬಣ್ಣದ ಪಟ್ಟಿಗಳೂ ಕೆಂಪಾಗಿದ್ದವು. ಮೊಮ್ಮಗಳ ರಬ್ಬರಿನಿಂದ ಉಜ್ಜಿ ಹಾಕಿದರೆ ಚಂಡೆ ಮೊದಲಿನ ಹಾಗೇ ಕೇಳಿಸಿತು. ಈ ಬಗೆಯ ಮೆಮೊರಿಯನ್ನು ತೋಶಿಬಾದಲ್ಲಿದ್ದಾಗ ಕಂಡುಹಿಡಿದ ಫುಜಿಯೊ ಮಾಸುಒಕಾ ಎಂಬ ಜಪಾನಿ ಎಂಜಿನಿಯರು, ತನಗೆ ಸಿಗಬೇಕಾದ ಹಣ ಸಿಗಲಿಲ್ಲವೆಂದು ಕಂಪನಿಯ ಮೇಲೇ ದಾವೆ ಹೂಡಿ, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾದರು. ಇನ್‌ಕ್ರಿಮೆಂಟಿಗಾಗಿ ಯೂನಿಯನ್ ಬಾವುಟ ಹಿಡಿದವನಾದ ನನಗೆ, ಕುಂಕುಮ ಮೆತ್ತಿದ ಆ ಚಿಪ್ಪಿನ ಬಗ್ಗೆ ಆಮೇಲೆ ಸ್ವಲ್ಪ ಹೆಚ್ಚೇ ಗೌರವ ಬಂತು.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಕಳೆದೊಂದು ಜಾತ್ರೆಯಲ್ಲಿ ಬಳೆ, ಬತ್ತಾಸು, ಮರದ ಬುಗುರಿಗಳ ಸಾಲಿನಲ್ಲಿ ಚಿಪ್ಪೂ ಗುಡ್ಡೆ ಬಿದ್ದಿತ್ತು. 512 ಜಿಬಿಯದ್ದು ಊಟದ ಖರ್ಚಿನ ಬೆಲೆಗೆ. ನಮ್ಮೂರಿನ ಪಡ್ಡೆಗಳು ಕೊಂಡರು. ಫೋನಿಗೆ ಹಾಕಿದರೆ 512 ಎಂದೇ ತೋರಿಸುತ್ತದೆ! ಇಂಥ ಕಾರ್ಡುಗಳ ಒಳಗೆ ನಿಜಕ್ಕೂ ಇರುವುದು ಏಳೆಂಟು ಜಿಬಿ. ಉಳಿದದ್ದು ಬರೀ ಬಾಯಿಮಾತು. ತುಂಬಿದ ಮೇಲೂ ‘ಹಾಕು, ಹಾಕು’ ಎನ್ನುತ್ತಲೇ ಇರುತ್ತದೆ, ಹಾಕಿದ್ದು ಎಲ್ಲಿಗೆ ಹೋಯಿತೆಂದು ಕೇಳಿದರೆ ಉತ್ತರವಿಲ್ಲ. ತುಂಬಿಸಿ, ಮತ್ತೆ ಓದಿಸಿ ನೋಡಿದರೆ ಮಾತ್ರ ಬಣ್ಣ ಬಯಲು. ಇದಕ್ಕೆ ಹೋಲಿಸಿದರೆ ‘ಅಳಿಸಿಬಿಡಲೇ?’ ಎಂದು ಕೇಳಿಯಾದರೂ ನೋಡಿದ ದೊಡ್ಡಪ್ಪನ ಫೋನು ಸಜ್ಜನ. ಅಂದಹಾಗೆ, 32 ಜಿಬಿ ಎಂದು ಕೊಂಡದ್ದು ಕಂಪ್ಯೂಟರಿನಲ್ಲಿ 29.8 ಎಂದು ಕಂಡರೆ ಅಂಗಡಿಯವನ ಜತೆ ಜಗಳ ಬೇಡ. ಅವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ. ನಾನು ಜಗಳ ಮುಗಿಸಿ ಬಂದ ಮೇಲೆ ಇದನ್ನು ತಿಳಿದುಕೊಂಡೆ.

ಈಗ 128ರ ಕಾರ್ಡನ್ನು ಏನು ಮಾಡುವುದು? ನಿನ್ನ ಫೋನಿಗೆ ಹಾಕಿಕೋ ಎಂದರು ದೊಡ್ಡಪ್ಪ. ನನ್ನದು ಸ್ಮಾರ್ಟ್ ಫೋನು, ಅಷ್ಟನ್ನು ಓದುತ್ತದೆ. ಆದರೆ ಅದರ ತಟ್ಟೆಯಲ್ಲಿರುವುದು ಎರಡೇ ಗುಂಡಿ. ಎರಡನೆಯದರಲ್ಲಿ ಒಂದೋ ಸಿಮ್ಮು ಇಡಬೇಕು, ಇಲ್ಲವೇ ಕಾರ್ಡ್. ನಮ್ಮೂರಿನಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಸಿಗ್ನಲ್ ಇಲ್ಲ, ಊರು ದಾಟಿದರೆ ಇನ್ನೊಂದರದ್ದೇ ರಾಜ್ಯ. ನೆನಪು ಬೇಕೋ, ಸಂಪರ್ಕ ಬೇಕೋ ಎಂದು ಫೋನು ತಯಾರಿಸುವವರು ಕೇಳಿದಾಗ ಮಲೆನಾಡಿನವರು ಸಂಪರ್ಕವನ್ನೇ ಆರಿಸಿಕೊಳ್ಳಬೇಕಾಗುತ್ತದೆ. ದೊಡ್ಡ ಬೆಲೆಯ ಫೋನುಗಳಲ್ಲಂತೂ ಆ ಗುಂಡಿಯನ್ನೇ ಮುಚ್ಚಿಬಿಟ್ಟಿದ್ದಾರೆ.

ಆಗ ದೊಡ್ಡಪ್ಪನ ಮೊಮ್ಮಗನ ನೆನಪಾಯಿತು. ರಜೆಗೆ ಬಂದ ಅಪ್ಪಿಯ ಕೈಯಲ್ಲಿ ನಿಂಟೆಂಡೊ ಸ್ವಿಚ್ 2 ಎಂಬ ಆಟದ ಯಂತ್ರವಿತ್ತು, 2025ರಲ್ಲಿ ಬಂದದ್ದು, ಅತ್ತೆ ಅಮೆರಿಕದಿಂದ ತಂದುಕೊಟ್ಟದ್ದು. ಇಷ್ಟು ಹೊಸ ಯಂತ್ರಕ್ಕೆ 128 ಯಾವ ಲೆಕ್ಕ ಎಂದುಕೊಂಡು ಕಾರ್ಡ್ ಮುಂದೆ ಹಿಡಿದೆ. ಹುಡುಗ ಅದನ್ನು ಮುಟ್ಟಲೂ ಇಲ್ಲ, ದೂರದಿಂದಲೇ ನೋಡಿ, “ಇದರಲ್ಲಿ ಗೇಮ್ ಹಾಕಕ್ಕಾಗಲ್ಲ, ಎಕ್ಸ್‌ಪ್ರೆಸ್ ಕಾರ್ಡೇ ಬೇಕು” ಎಂದ. ಅದೇ ಅಳತೆ, ಅದೇ ಆಕಾರ, ಆದರೆ ಬೆನ್ನಿಗೆ ಇನ್ನೊಂದು ಸಾಲು ಪಟ್ಟಿ ಇರುವ ಹೊಸ ಜಾತಿಯಂತೆ. ಆಟಗಳನ್ನು ಅಷ್ಟು ಬೇಗ ಓದಿಸಲು ಹಳೆಯ ಬಗೆಯ ಕಾರ್ಡಿಗೆ ವೇಗ ಸಾಲದು. ನಮ್ಮದನ್ನು ಹಾಕಿದರೆ ಹಳೆಯ ಯಂತ್ರದ ಚಿತ್ರಗಳನ್ನು ತಂದುಕೊಳ್ಳಬಹುದು, ಅಷ್ಟೇ. ಹೊಸ ಯಂತ್ರ ಹಳೆಯ ಕಾರ್ಡನ್ನು ಓದುತ್ತದೆ, ಹಳೆಯದು ಮಾತ್ರ ಹೊಸದನ್ನು ಓದದು ಎಂದು ನಾನು ಅದುವರೆಗೆ ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. ಆ ಉಪದೇಶವೂ ಹೋಯಿತು.

“ಹಾಗಾದ್ರೆ ಇದು ನನಗೂ ಅಲ್ಲ, ಅಪ್ಪಿಗೂ ಅಲ್ಲ” ಎಂದರು ದೊಡ್ಡಪ್ಪ, ಕಾರ್ಡನ್ನು ತಿರುಗಿಸಿ ನೋಡುತ್ತಾ.

ನನಗೆ ಹಳೆಯ ಕಾರ್ಡುಗಳ ಗೊಂದಲವೇ ವಾಸಿ ಅನ್ನಿಸಿದ್ದು ಆವಾಗ. 1994ರ ಕಾಂಪ್ಯಾಕ್ಟ್ ಫ್ಲ್ಯಾಶ್ ಬೆಂಕಿಪೊಟ್ಟಣದ ಅಗಲ. ಸೋನಿಯ ಮೆಮೊರಿ ಸ್ಟಿಕ್ ಉದ್ದುದ್ದ. ಒಲಿಂಪಸ್, ಫ್ಯೂಜಿಫಿಲ್ಮ್ ಸೇರಿ 2002ರಲ್ಲಿ ತಂದ ಎಕ್ಸ್‌ಡಿ ಇನ್ನೊಂದೇ ಬಗೆ. ಒಂದರದ್ದು ಇನ್ನೊಂದಕ್ಕೆ ಹೋಗುತ್ತಲೇ ಇರಲಿಲ್ಲ. ಮೂತಿಗೆ ಇಟ್ಟ ಕೂಡಲೇ ಗೊತ್ತಾಗುತ್ತಿತ್ತು. ಬೈದುಕೊಂಡು ಅಂಗಡಿಗೆ ವಾಪಸು ಹೋಗುತ್ತಿದ್ದೆವು, ಆದರೆ ಮೋಸಹೋದೆವೆಂಬ ಭಾವ ಇರಲಿಲ್ಲ. ಎಲ್ಲಕ್ಕೂ ಒಂದೇ ಆಕಾರ ಬಂದ ಮೇಲೆ ಹೊಂದಿಕೆ ಹೆಚ್ಚಿತು ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಹೆಚ್ಚಿದ್ದು ಹೊಂದಿಕೆಯ ಸೋಗು. ಸೀಳಿಗೆ ಸರಿಹೊಂದುವುದೂ ಲೆಕ್ಕಕ್ಕೆ ಸರಿಹೊಂದುವುದೂ ಬೇರೆ ಬೇರೆ ಎಂದು ‘ಟಿಕ್’ ಸದ್ದು ಯಾರಿಗೂ ಹೇಳುವುದಿಲ್ಲ.

ಕೊನೆಗೆ ಆ 128 ಜಿಬಿಗೆ ಜಾಗ ಸಿಕ್ಕಿದ್ದು ಅಂಗಳದ ಕಂಬಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ. ಅಡಿಕೆ ಕಳ್ಳರ ಭಯಕ್ಕೆ ಈಗ ಮನೆಮನೆಗೂ ಅದು ಬಂದಿದೆ. ಹಾಕಿದ ಕೂಡಲೇ ಇದೂ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಒಳಗಿದ್ದ ಪ್ರಸಂಗಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡು ‘ಹೌದು’ ಎಂದೆವು. ಬೆಂಗಳೂರಿನ ಮಗ ಅಷ್ಟು ಪ್ರೀತಿಯಿಂದ ತಂದ ಕಾರ್ಡಿನಲ್ಲಿ ಈಗ ಹಗಲೆಲ್ಲ ಅಡಿಕೆ ಒಣಗುತ್ತದೆ, ನಡುನಡುವೆ ಮಂಗ ಬಂದು ಹೋಗುತ್ತದೆ. ತಾಳಮದ್ದಲೆಯ ಲೆಕ್ಕ ಹಾಕಿ ದೊಡ್ಡಪ್ಪನಿಗೆ ಹೇಳಿದೆ: ಗಂಟೆಗೆ ಸುಮಾರು 60 ಎಂಬಿಯಂತೆ ಹಿಡಿದರೂ 128 ಜಿಬಿ ಕೇಳಿ ಮುಗಿಸಲು ಹಗಲೂ ರಾತ್ರಿ ಸೇರಿ ಮೂರು ತಿಂಗಳು ಬೇಕಿತ್ತು. “ನನಗೆ ‘ಕರ್ಣಪರ್ವ’ದ ತನಕ ಎಚ್ಚರ ಇದ್ರೆ ಸಾಕು” ಎಂದರು. ಹಳೆಯ ಚಿಪ್ಪೇ ಮರಳಿ ಫೋನಿಗೆ ಬಂತು. ಅವರಿಗೆ ಬೇಕಾದದ್ದು ಅಂಥದ್ದೇ ಇನ್ನೂ ಒಂದೆರಡು. ಅದಕ್ಕೆಂದು ಪೇಟೆಯ ಅಂಗಡಿಗಳಲ್ಲಿ ಕೇಳಿದರೆ, ನಾಲ್ಕಾಣೆಗೆ ಚಿಲ್ಲರೆ ಕೇಳಿದವನನ್ನು ನೋಡುವ ಹಾಗೆ ನೋಡುತ್ತಾರೆ. “2 ಜಿಬಿ ಈಗೆಲ್ಲಿ ಸಾರ್? 32ರಿಂದ ಶುರು. ಕಮ್ಮಿ ರೇಟಿಗೆ 64 ಕೊಡ್ಲಾ?”

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಕೀಪ್ಯಾಡ್ ಫೋನಿನ ಹಿರಿಯರಿಗೆ ಕಾರ್ಡ್ ಉಡುಗೊರೆ ಕೊಡುವ ಮುನ್ನ ಅವರ ಫೋನು ಎಷ್ಟು ಜಿಬಿವರೆಗೆ ಓದುತ್ತದೆಂದು ಕೇಳಿಕೊಳ್ಳಿ. ಮೇಜಿನ ಡ್ರಾಯರಿನಲ್ಲಿ ಹಳೆಯ 2 ಜಿಬಿಯ ಚಿಪ್ಪೇನಾದರೂ ಉಳಿದಿದ್ದರೆ ಎಸೆಯಬೇಡಿ, ಅದಕ್ಕೆ ನಮ್ಮ ಕಡೆ ಗಿರಾಕಿ ಇದ್ದಾರೆ. ಒಳಗಿರುವ ಐಟಂ ಸಾಂಗು ಅಳಿಸದಿದ್ದರೂ ಪರವಾಗಿಲ್ಲ.